ಕಡಲ ಸೆಕೆಯಲ್ಲಿ ಉಣ್ಣೆ: ಇಡಗುಂಜಿ ಸೀಮೆಯ ಟೇಲರನೊಬ್ಬನ ಅನುಭವದ ಪಾಠಗಳು

ರಥಸಪ್ತಮಿಯ ಹೊತ್ತಿಗೆ ಬೆಳಗಿನ ಜಾವ ಹೊನ್ನಾವರ ಸೀಮೆಯ ಇಡಗುಂಜಿಯ ತೇರಿಗೆ ಬಂದವರು ಗಮನಿಸಿರಬಹುದು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಅದರ ಮೇಲೆ ಮನೆಯಲ್ಲೇ ಹೆಣೆದ ತೋಳಿಲ್ಲದ ಸ್ವೆಟರು, ಹೆಗಲಿಗೊಂದು ಶಾಲು. ಚಳಿಗಾಲದಲ್ಲಿ ತೇರಿಗೆ, ಮದುವೆಗೆ, ಯಕ್ಷಗಾನದ ಆಟಕ್ಕೆ ಹೊರಟ ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಜನರ ಉಡುಪು ಇದು. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಕ್ಕಳಿಗೆ ಸೋಜಿಗ. ಸಮುದ್ರದ ಬುಡದಲ್ಲಿ ಸ್ವೆಟರು ಎಂತಕ್ಕೆ ಎಂದು ನನ್ನ ಅಂಗಡಿಗೆ ಬಂದವರೂ ಕೇಳುತ್ತಾರೆ. ನಾನು ಗಂಡಸರ ಬಟ್ಟೆ ಹೊಲಿಯುವವನು. ಮನೆಯಲ್ಲಿ ಮೊದಲು ಅಮ್ಮ, ಆಮೇಲೆ ಹೆಂಡತಿ ಹೆಣೆದ ಸ್ವೆಟರುಗಳಿಗೆ ಅಳತೆ ತೆಗೆದುಕೊಟ್ಟವನೂ ನಾನೇ. ಈ ಉಡುಪಿನಲ್ಲಿ ನಮ್ಮ ಹವೆಯ ತಿಳಿವಳಿಕೆ ಇದೆ. ಅದು ಈ ತಲೆಮಾರಿಗೇ ಮುಗಿದುಹೋಗಬಾರದು ಎಂದು ಇಷ್ಟು ಬರೆಯುತ್ತಿದ್ದೇನೆ.

1. ಮೊದಲು ಗಡಿಯಾರ ನೋಡಿ

ನಮ್ಮ ಚಳಿಗಾಲಕ್ಕೆ ಒಂದು ವಿಚಿತ್ರ ಗುಣವಿದೆ. ಡಿಸೆಂಬರ್, ಜನವರಿಯಲ್ಲಿ ಹವಾಮಾನ ಇಲಾಖೆ ದೇಶದ ಅತಿ ಹೆಚ್ಚು ಉಷ್ಣಾಂಶ ಎಲ್ಲಿ ಎಂದು ಹೇಳುವಾಗ ಹೊನ್ನಾವರ, ಕಾರವಾರಗಳ ಹೆಸರು ಆಗಾಗ ಬರುತ್ತದೆ. ಆ ತಿಂಗಳುಗಳಲ್ಲಿ ಬೆಳಗ್ಗೆ ಮೂಡಣ ಗಾಳಿ ಬೀಸುತ್ತದೆ. ಘಟ್ಟ ಇಳಿದು ಬರುವ ಗಾಳಿ ಅದು, ಇಳಿಯುತ್ತಾ ಒಣಗುತ್ತದೆ, ಬಿಸಿಯಾಗುತ್ತದೆ. ಕಡಲ ಗಾಳಿ ತಡವಾಗಿ ಏಳುವುದರಿಂದ ಮಧ್ಯಾಹ್ನಕ್ಕೆ ಪಾದರಸ 33, 35 ಮುಟ್ಟುತ್ತದೆ. ಅದೇ ಒಣಗಾಳಿಯಿಂದಾಗಿ ರಾತ್ರಿ ನೆಲ ಬೇಗ ತಣಿಯುತ್ತದೆ, ಬೆಳಗಿನ ಜಾವ 20ರ ಆಸುಪಾಸಿಗೆ ಇಳಿಯುತ್ತದೆ. ಘಟ್ಟದ ಮೇಲಿನವರಿಗೆ ಅದು ಚಳಿಯೇ ಅಲ್ಲ. ಮಧ್ಯಾಹ್ನದ ಬಿಸಿಲಿಗೆ ಒಗ್ಗಿದ ನಮ್ಮ ಮೈಗೆ ಮಾತ್ರ ಆ ಹದಿನೈದು ಡಿಗ್ರಿಯ ಇಳಿತ ಚೆನ್ನಾಗಿಯೇ ತಿಳಿಯುತ್ತದೆ.

ಆದ್ದರಿಂದ ಇಲ್ಲಿ ಸ್ವೆಟರಿನ ಹೊತ್ತು ನಡುರಾತ್ರಿಯಿಂದ ಬೆಳಗಿನ ಎಂಟು, ಎಂಟೂವರೆಯವರೆಗೆ. ತಿಂಡಿಯಾದ ಮೇಲೆ ತೆಗೆಯುವುದೇ. ಮಾರ್ಚ್ ಹದಿನೈದು ದಾಟಿತೆಂದರೆ ಮೇ ಮುಗಿಯುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಆ ಎರಡೂವರೆ ತಿಂಗಳು ಉಣ್ಣೆ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಉಣ್ಣೆಗೆ ಮತ್ತೆ ಕೆಲಸ ಸಿಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

2. ಬನಿಯನ್ನೂ ಹೆಣಿಗೆಯೇ

ಹೆಣೆದ ಬಟ್ಟೆ ಸೆಕೆಗೆ ಆಗದು ಎನ್ನುವವರು ತಮ್ಮ ಅಂಗಿಯ ಒಳಗೆ ನೋಡಿಕೊಳ್ಳಬೇಕು. ತಿರುಪ್ಪೂರಿನಿಂದ ಬರುವ ಹತ್ತಿಯ ಬನಿಯನ್ ಹೆಣೆದ ಬಟ್ಟೆ. ಕಡಲ ದಂಡೆಯ ಗಂಡಸರು ಏಪ್ರಿಲ್ ಬಿಸಿಲಲ್ಲೂ ಅದನ್ನು ತೊಡುತ್ತಾರೆ, ಅದಿಲ್ಲದೆ ಹೊರಗೆ ಕಾಲಿಡದವರೂ ಇದ್ದಾರೆ.

ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ಒತ್ತಿಕೊಂಡು ಕೂರುತ್ತವೆ. ಹೆಣಿಗೆಯಲ್ಲಿ ಒಂದು ಕುಣಿಕೆಯೊಳಗಿನಿಂದ ಇನ್ನೊಂದು ಕುಣಿಕೆ ಹಾಯುತ್ತದೆ, ಎರಡರ ನಡುವೆ ಕಿಂಡಿ ಉಳಿಯುತ್ತದೆ. ಗಾಳಿ ನಿಂತಾಗ ಆ ಕಿಂಡಿಯಲ್ಲಿ ನಿಂತ ಗಾಳಿಯೇ ಬೆಚ್ಚಗಿಡುತ್ತದೆ, ಗಾಳಿ ಬೀಸಿದಾಗ ಅದೇ ಕಿಂಡಿಯಿಂದ ಮೈಯ ಹಬೆ ಹೊರಗೆ ಹೋಗುತ್ತದೆ. ಸ್ವೆಟರು ಹಾಕಿ ಬೈಕಿನಲ್ಲಿ ಹೊರಟರೆ ಎದೆಗೆ ಚಳಿ ಹೊಡೆಯುವುದು, ಬಸ್ಸಿನೊಳಗೆ ಕೂತರೆ ಅದೇ ಸ್ವೆಟರು ಬೆಚ್ಚಗಿರುವುದು ಈ ಕಾರಣಕ್ಕೆ. ಗಾಳಿ ತಡೆಯದಿರುವುದನ್ನು ಚಳಿ ದೇಶದವರು ಸ್ವೆಟರಿನ ಕೊರತೆ ಎನ್ನುತ್ತಾರೆ. ಕರಾವಳಿಯಲ್ಲಿ ಅದೇ ಅದರ ಉಪಕಾರ.

ಹಾಗಾಗಿ ನಮ್ಮ ಕಡೆಗೆ ಹೆಣೆಯುವವರು ಸಡಿಲವಾಗಿ ಹೆಣೆಯಬೇಕು. ಅಂಚಿನ ಪಟ್ಟಿಗೆ 10ನೇ ನಂಬರಿನ ಕಡ್ಡಿ, ಮೈಗೆ 8ನೇ ನಂಬರಿನದು ನಮ್ಮ ಮನೆಯ ಲೆಕ್ಕ. ಕಡ್ಡಿಯ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಹತ್ತನೆಯದು 3.25 ಮಿಲಿಮೀಟರ್ ದಪ್ಪ, ಎಂಟನೆಯದು 4 ಮಿಲಿಮೀಟರ್. ಹಗ್ಗದಂತೆ ತಿರುಚಿದ ವಿನ್ಯಾಸ ಚೆಂದ ಕಾಣುತ್ತದೆ, ಆದರೆ ಅಲ್ಲಿ ಹೆಣಿಗೆ ಎರಡು ಪದರವಾಗುತ್ತದೆ. ಸಿರ್ಸಿ, ಸಿದ್ದಾಪುರಕ್ಕೆ ಅದು ಸರಿ. ಇಡಗುಂಜಿಗೆ ಸೀದಾ ಉಲ್ಟಾ ಬಂದರೆ ಸಾಕು, ಮಧ್ಯೆ ಮಧ್ಯೆ ಜಾಳಿಗೆ ಬಿಟ್ಟರೆ ಇನ್ನೂ ಒಳ್ಳೆಯದು.

3. ನೂಲು ಯಾವುದೆಂದು ಕೇಳದೆ ಕೊಳ್ಳಬೇಡಿ

ಅಂಗಡಿಯಲ್ಲಿ ಎಲ್ಲವೂ ಉಲ್ಲನ್. ಆದರೆ ಮನೆಯಲ್ಲಿ ಹೆಣೆಯಲು ತರುತ್ತಿದ್ದ ಕ್ಯಾಶ್ಮಿಲಾನ್ ಕುರಿಯಿಂದ ಬಂದದ್ದಲ್ಲ, ಅದು ಅಕ್ರಿಲಿಕ್. ಚಳಿಗಾಲದಲ್ಲಿ ಪೇಟೆ ಪೇಟೆಗಳಲ್ಲಿ ಟಿಬೆಟನ್ನರು ಸ್ವೆಟರು ಹರವಿ ಮಾರುವುದನ್ನು ನೀವು ನೋಡಿದ್ದೀರಿ. ನಮ್ಮ ಜಿಲ್ಲೆಯ ಮುಂಡಗೋಡಿನಲ್ಲೇ 1966ರಿಂದ ಅವರ ದೊಡ್ಡ ನೆಲೆ ಇದೆ. ಅವರು ಮಾರುವ ಮಾಲು ಬಹುಪಾಲು ಲುಧಿಯಾನದ ಯಂತ್ರದ ಹೆಣಿಗೆ. ಅದರಲ್ಲಿ ಉಣ್ಣೆಯೂ ಇರುತ್ತದೆ, ಅಕ್ರಿಲಿಕ್ಕೂ ಇರುತ್ತದೆ, ಎರಡರ ಬೆರಕೆಯೂ ಇರುತ್ತದೆ. ಕೇಳಿ ತೆಗೆದುಕೊಳ್ಳಬೇಕು.

ಪರೀಕ್ಷೆ ಸುಲಭ. ಒಳ ಹೊಲಿಗೆಯಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿಯಿಂದ ಈಚೆ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಉಣ್ಣೆಯೇ ಬೇಕೆನ್ನುವುದು ಹೆಚ್ಚುಗಾರಿಕೆಯ ಮಾತಲ್ಲ, ಬೆವರಿನ ಮಾತು. ಉಣ್ಣೆಯ ಎಳೆ ತನ್ನ ತೂಕದ ಹೆಚ್ಚು ಕಡಿಮೆ ಮೂರನೇ ಒಂದು ಪಾಲಿನಷ್ಟು ತೇವವನ್ನು ಒಳಗೆ ಇಟ್ಟುಕೊಂಡರೂ ಮುಟ್ಟಿದವರಿಗೆ ಒದ್ದೆ ಎನ್ನಿಸುವುದಿಲ್ಲ. ಅಕ್ರಿಲಿಕ್ ತೇವ ಹೀರುವುದೇ ಅತ್ಯಲ್ಪ. ಹವೆಯಲ್ಲೇ ನೀರು ತುಂಬಿರುವ ನಮ್ಮ ಊರಲ್ಲಿ ಅಕ್ರಿಲಿಕ್ ತೊಟ್ಟವನ ಬೆವರು ಬೆನ್ನ ಮೇಲೇ ನಿಲ್ಲುತ್ತದೆ, ಒಂದೇ ದಿನಕ್ಕೆ ಕಂಕುಳು ನಾರುತ್ತದೆ. ರಾತ್ರಿಯ ಏಸಿ ಬಸ್ಸಿಗೆ ಅದು ಸಾಕು, ಬೆಲೆಯೂ ಕಡಿಮೆ, ತೊಳೆಯಲೂ ಸುಲಭ. ತೇರಿಗೆ, ಮದುವೆಗೆ, ದಿನದ ಬಳಕೆಗೆ ಉಣ್ಣೆಯನ್ನೇ ತೆಗೆದುಕೊಳ್ಳಿ. ಸಿಕ್ಕರೆ ಹತ್ತಿಯೂ ಉಣ್ಣೆಯೂ ಬೆರೆತ ನೂಲು ನಮ್ಮ ಹವೆಗೆ ಅತಿ ಸೂಕ್ತ. ಬರೀ ಹತ್ತಿಯದು ತಂಪು, ಆದರೆ ಭಾರ. ಎರಡು ಸಲ ತೊಳೆಯುವಷ್ಟರಲ್ಲಿ ಮೊಣಕಾಲ ಕಡೆಗೆ ಜೋಲತೊಡಗುತ್ತದೆ.

ಉಣ್ಣೆ ಚುಚ್ಚುತ್ತದೆ ಎನ್ನುವವರಿಗೂ ಉತ್ತರವಿದೆ. ಚುಚ್ಚುವುದು ಎಳೆಯ ದಪ್ಪದಿಂದ. 30 ಮೈಕ್ರಾನ್ ದಾಟಿದ ಎಳೆಯ ತುದಿ ಚರ್ಮಕ್ಕೆ ಬಾಗುವುದಿಲ್ಲ, ಒತ್ತುತ್ತದೆ. ನಯವಾದ ಮೆರಿನೊ 20ರ ಒಳಗಿರುತ್ತದೆ, ನಮ್ಮ ದಖ್ಖನಿ ಕುರಿಯ ಉಣ್ಣೆ ಅದಕ್ಕಿಂತ ಬಹಳ ಒರಟು. ಒಳಗೆ ಕಾಲರಿನ ಅಂಗಿ ಇದ್ದರೆ ಈ ತಕರಾರಿನ ಮುಕ್ಕಾಲು ಪಾಲು ಹೋಗುತ್ತದೆ.

4. ಕಂಬಳಿಕೊಪ್ಪೆಯ ಮುಂದೆ ಕೈಮುಗಿಯಿರಿ

ಸೆಕೆಯ ನಾಡಿಗೆ ಉಣ್ಣೆ ಪರಕೀಯ ಎನ್ನುವವರು ನಮ್ಮ ಗದ್ದೆಗಳನ್ನು ಮರೆತಿದ್ದಾರೆ. ಹೊನ್ನಾವರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಮಳೆಯಲ್ಲಿ ಉಳುವ ಗಂಡಸರ ತಲೆಯಿಂದ ಬೆನ್ನ ಕೆಳಗಿನವರೆಗೆ ಇದ್ದದ್ದು ಕಂಬಳಿ. ಮಡಿಸಿ ಮೂಲೆ ಕೂಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಕೈಯೆರಡೂ ನೇಗಿಲಿಗೆ ಬಿಡುವು. ನಾಟಿಗೆ ಬಗ್ಗುವ ಹೆಂಗಸರಿಗೆ ಎಲೆಯ ಗೊರಬು. ಕುಮಟಾ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರಲ್ಲಿ, ನಮ್ಮ ಸುತ್ತಲಿನ ಎಲ್ಲ ಗೇಣಿ ಒಕ್ಕಲುಗಳಲ್ಲಿ ಕಂಬಳಿ ಇಲ್ಲದ ಮನೆ ಇರಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಚಳಿ ಎಷ್ಟಿರುತ್ತದೆ? ಮಳೆ ಸುರಿಯುವಾಗಲೂ 24, 25 ಡಿಗ್ರಿ. ಅಂಥ ಹವೆಯಲ್ಲಿ ಬೆವರಿಳಿಸಿ ದುಡಿಯುವವರು ಶತಮಾನಗಳ ಕಾಲ ಉಣ್ಣೆ ಹೊದ್ದು ದುಡಿದರು.

ಕಂಬಳಿ ಬರುತ್ತಿದ್ದದ್ದು ಘಟ್ಟದ ಮೇಲಿನಿಂದ. ಹಾವೇರಿ ಜಿಲ್ಲೆಯ ಮೆಡ್ಲೇರಿ, ಚಿತ್ರದುರ್ಗದ ಕಡೆಯ ಚಳ್ಳಕೆರೆ ಇದಕ್ಕೆ ಹೆಸರಾದ ಊರುಗಳು. ಕುರುಬರು ಕುರಿಯ ಉಣ್ಣೆ ಕತ್ತರಿಸಿ, ನೂತು, ಕುಣಿಮಗ್ಗದಲ್ಲಿ ನೇಯುತ್ತಾರೆ. ಹುಣಸೆ ಬೀಜ ಬೇಯಿಸಿ ಮಾಡಿದ ಸರಿಯನ್ನು ಹಾಸಿನ ನೂಲಿಗೆ ಹಚ್ಚುತ್ತಾರೆ. ಅದರಿಂದ ಒರಟು ಎಳೆಗಳು ಬಿಗಿಯಾಗಿ ಕೂರುತ್ತವೆ, ಹೊಸ ಕಂಬಳಿ ಬಡಿಗೆಯಂತೆ ಸೆಟೆದು ನಿಲ್ಲುತ್ತದೆ. ಬಳಸಿದಂತೆ ಮಳೆ, ಮೈಬಿಸಿ, ತಿಕ್ಕಾಟಕ್ಕೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಇನ್ನೂ ದಟ್ಟವಾಗುತ್ತದೆ. ಮಳೆಹನಿ ಮೇಲಿನಿಂದ ಜಾರುತ್ತದೆ, ನೆನೆದರೂ ಒಳಗೆ ಬೆಚ್ಚಗಿರುತ್ತದೆ, ದುಡಿಯುವವನ ಮೈಯ ಹಬೆ ಹೊರಗೆ ಹೋಗುತ್ತದೆ.

ಪ್ಲಾಸ್ಟಿಕ್ ಬಂದು ಕಂಬಳಿಯನ್ನು ಅಟ್ಟಕ್ಕೆ ಹಾಕಿತು. ಪ್ಲಾಸ್ಟಿಕ್ ಹಗುರ, ಅಗ್ಗ, ನೀರನ್ನು ಪೂರಾ ತಡೆಯುತ್ತದೆ. ಅದು ಒಳಗಿನ ನೀರನ್ನೂ ತಡೆಯುತ್ತದೆ. ಅರ್ಧ ಗಂಟೆ ಗದ್ದೆಯಲ್ಲಿ ದುಡಿದು ರೇನ್‌ಕೋಟು ಬಿಚ್ಚಿದವನ ಅಂಗಿ ನೋಡಿ, ಮಳೆಯಲ್ಲಿ ನೆನೆದವನಿಗೂ ಅವನಿಗೂ ವ್ಯತ್ಯಾಸ ಕಾಣುವುದಿಲ್ಲ.

ಕಡಲಿನವರಿಗೂ ಉಣ್ಣೆಗೂ ನಂಟು ಬೇರೆ ದೇಶಗಳಲ್ಲೂ ಇದೆ. ಇಂಗ್ಲೆಂಡ್ ಫ್ರಾನ್ಸ್ ನಡುವಿನ ಗರ್ನ್‌ಸಿ ದ್ವೀಪದ ಹೆಸರಿನ ಸ್ವೆಟರು ಮೀನುಗಾರರದ್ದು. ಅಲೆಯ ತುಂತುರು ಒಳಗೆ ಇಳಿಯದಿರಲೆಂದು ಬಿಗಿಯಾಗಿ ಹೆಣೆದದ್ದು. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಕುರಿಯ ಮೈಯೆಣ್ಣೆ ಪೂರಾ ತೆಗೆಯದ ಉಣ್ಣೆಯಲ್ಲಿ ಹೆಣೆಯುತ್ತಿದ್ದರು. ಅವು ತಣ್ಣನೆಯ ಕಡಲಿನ ಉಡುಪು. ಹೊನ್ನಾವರ, ಭಟ್ಕಳದ ಬಂದರಿನ ಹುಡುಗರು ಅವನ್ನು ಅಂತರ್ಜಾಲದಲ್ಲಿ ನೋಡಿ ಹಾಗೇ ಬೇಕೆಂದರೆ ನಾನು ಬೇಡ ಎನ್ನುತ್ತೇನೆ. ಚಿತ್ತಾರ ತೆಗೆದುಕೊಳ್ಳಿ, ಹೆಣಿಗೆಯ ಬಿಗಿ ಅಲ್ಲೇ ಬಿಡಿ.

5. ತೋಳಿಲ್ಲದ್ದು ನಮ್ಮದು

ಹಿರಿಯರು ತೋಳಿಲ್ಲದ ಸ್ವೆಟರು ಆರಿಸಿಕೊಂಡದ್ದು ನೂಲು ಉಳಿಸಲು ಎಂದು ಕೆಲವರು ತಿಳಿದಿದ್ದಾರೆ. ಕಾರಣ ಬೇರೆ. ಬೆವರು ಹೆಚ್ಚು ಒಸರುವ ಜಾಗಗಳಲ್ಲಿ ಕಂಕುಳೂ ಒಂದು. ಅದನ್ನು ತೆರೆದಿಟ್ಟು ಎದೆ, ಬೆನ್ನು ಮಾತ್ರ ಮುಚ್ಚಿದರೆ ಚಳಿಯೂ ತಡೆಯುತ್ತದೆ, ಸೆಕೆಯೂ ಏರುವುದಿಲ್ಲ.

ಪಂಚೆಯ ಮೇಲೆ ಸ್ವೆಟರು ಚೆಂದ ಕಾಣಬೇಕಾದರೆ ಅಳತೆ ಬೇರೆ. ಪ್ಯಾಂಟಿನವರಿಗೆ ಬೆಲ್ಟಿನ ಕೆಳಗೆ ಬಂದರೆ ಸಾಕು. ಪಂಚೆಯವರಿಗೆ ಸೊಂಟದ ಗಂಟು ಮುಚ್ಚಿ ನಾಲ್ಕು ಬೆರಳು ಕೆಳಗೆ ಬರಬೇಕು, ಇಲ್ಲದಿದ್ದರೆ ಗಂಟಿನ ಉಬ್ಬಿನ ಮೇಲೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಎದೆಸುತ್ತಿಗಿಂತ ನಾಲ್ಕು ಇಂಚು ಹೆಚ್ಚಿರಲಿ. ತೋಳಿನ ಕಂಡಿಯನ್ನು ಅಂಗಿಯ ತೋಳಿನ ಹೊಲಿಗೆಗಿಂತ ಒಂದಿಂಚು ಕೆಳಗೆ ಇಳಿಸಿ.

ನಮ್ಮವರು ಅಂಗಿಯನ್ನು ಪಂಚೆಯೊಳಗೆ ಸಿಕ್ಕಿಸುವುದಿಲ್ಲ, ಆದ್ದರಿಂದ ಸ್ವೆಟರಿನ ಕೆಳಗೆ ಅಂಗಿಯ ಅಂಚು ಕಾಣುತ್ತದೆ. ದುಂಡಗೆ ಕತ್ತರಿಸಿದ ಅಂಗಿಯ ಬಾಲ ಇಣುಕಿದರೆ ಇಡೀ ಉಡುಪು ಅಸ್ತವ್ಯಸ್ತ. ಚಳಿಗಾಲಕ್ಕೆಂದು ಹೊಲಿಸುವ ಅಂಗಿಗೆ ನಾನು ನೇರ ಅಂಚು ಕೊಡುತ್ತೇನೆ, ಎರಡೂ ಪಕ್ಕ ಸಣ್ಣ ಸೀಳು ಬಿಡುತ್ತೇನೆ. ಸ್ವೆಟರಿನಿಂದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಕಾಣಬಾರದು. ಕೊರಳು ವಿ ಆಕಾರದ್ದಾದರೆ ಕಾಲರಿನ ಬಿಳುಪು ಎದ್ದು ಕಾಣುತ್ತದೆ, ಗಂಟಲಿಗೆ ಗಾಳಿಯೂ ಸಿಗುತ್ತದೆ.

ಬಣ್ಣ: ಬೂದಿ, ಕಾಫಿ ಕಂದು, ಬಾಟಲಿ ಹಸಿರು. ಪಂಚೆಯ ಅಂಚಿನ ಬಣ್ಣಕ್ಕೆ ಹೊಂದಿದರೆ ಸಾಕು, ಹೋಲಲೇಬೇಕೆಂದಿಲ್ಲ.

6. ವೇಷದವರಿಂದ ಕಲಿಯುವುದಿದೆ

ಸೆಕೆಯಲ್ಲಿ ದಪ್ಪ ಬಟ್ಟೆ ತೊಡುವ ವಿದ್ಯೆಯಲ್ಲಿ ನಮ್ಮ ಊರಿಗಿಂತ ದೊಡ್ಡ ಶಾಲೆ ಬೇರೆಲ್ಲೂ ಇಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲೇ ಯಕ್ಷಗಾನ ಮೇಳ ಕಟ್ಟಿದರು. ಗುಣವಂತೆಯಲ್ಲಿ ಶಂಭು ಹೆಗಡೆಯವರು 1986ರಲ್ಲಿ ತೆರೆದ ಶ್ರೀಮಯ ಕಲಾಕೇಂದ್ರದಲ್ಲಿ ಹುಡುಗರು ಕುಣಿತ ಕಲಿತರು. ಬಡಗುತಿಟ್ಟಿನ ಪುರುಷವೇಷ ಎಂದರೆ ಬನಿಯನ್ನು, ದಗಲೆಯೆಂಬ ಮೇಲಂಗಿ, ಚೌಕುಳಿಯ ಕಸೆ ಸೀರೆ, ಎದೆಗೆ, ತೋಳಿಗೆ, ಭುಜಕ್ಕೆ ಕಟ್ಟುವ ಆಭರಣ, ಸೊಂಟಕ್ಕೆ ಡಾಬು, ತಲೆಗೆ ಮುಂಡಾಸು. ಇಷ್ಟನ್ನೂ ಹೊತ್ತು ಕುಣಿಯಬೇಕು. ಆಟದ ತಿರುಗಾಟ ಮೇ ತಿಂಗಳವರೆಗೂ ಇರುತ್ತದೆ.

ದಗಲೆ ಹೊಲಿಯಲು ಕೊಡುವವರು ಹೇಳಿಕೊಟ್ಟದ್ದನ್ನು ನಾನು ಅಂಗಿ, ಕೋಟಿಗೂ ಹಾಕಿದೆ. ಮೈಗೆ ತಾಗುವುದು ಹತ್ತಿಯೇ ಆಗಿರಬೇಕು. ಹೊರಗೆ ಮಕಮಲ್ಲು ಇರಲಿ, ಒಳಗೆ ಮೆತ್ತನೆಯ ಹತ್ತಿಯ ಅಸ್ತರು. ಕಟ್ಟುವುದು ಸೊಂಟದಲ್ಲಿ ಗಟ್ಟಿ, ಪಕ್ಕೆಲುಬಿನ ಮೇಲೆ ಸಡಿಲ, ಉಸಿರೆಳೆದು ಎದೆ ಉಬ್ಬಿಸಿದಾಗ ಅಳತೆ ತೆಗೆಯಬೇಕು. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಮೊದಲು, ದಪ್ಪ ಬಟ್ಟೆ ಕೊನೆಗೆ. ಆಟ ಮುಗಿದ ಮೇಲೆ ಬೆವರಿದ ಮೈಯನ್ನು ಗಾಳಿಗೆ ಒಡ್ಡದೆ ಒರೆಸಿಕೊಂಡು ಒಣ ಬನಿಯನ್ನು ಹಾಕಬೇಕು. ಸ್ವೆಟರು ತೊಡುವವನಿಗೂ ಈ ನಾಲ್ಕೂ ಮಾತು ಹಾಗೇ ಅನ್ವಯ. ಒಳಗಿನ ಅಂಗಿ ಟೆರಿಕಾಟಿನದ್ದಾದರೆ ಮೇಲಿನ ಉಣ್ಣೆಯ ಗುಣ ಅರ್ಧ ಹಾಳು.

ಸಡಿಲ ಉಡುಪಿನ ಬಗ್ಗೆ 1980ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂದಿತ್ತು. ಮರುಭೂಮಿಯ ಬೆಡುಯಿನರು ಉರಿಬಿಸಿಲಲ್ಲಿ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆ ಎಂದು ಅಳೆದು ನೋಡಿದಾಗ, ಕಪ್ಪು ತೊಟ್ಟವನಿಗೂ ಬಿಳಿ ತೊಟ್ಟವನಿಗೂ ಮೈಗೆ ತಲುಪಿದ ಬಿಸಿ ಒಂದೇ ಇತ್ತು. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಬಿಸಿ, ಸಡಿಲ ನಿಲುವಂಗಿಯೊಳಗೆ ಆಡುವ ಗಾಳಿಯೊಂದಿಗೆ ಮೈ ಮುಟ್ಟುವ ಮೊದಲೇ ಹೊರಹೋಗುತ್ತಿತ್ತು. ಅಲ್ಲಿನದು ಒಣ ಹವೆ, ನಮ್ಮದು ಒದ್ದೆ ಹವೆ, ಬೆವರು ಆರುವುದೇ ಇಲ್ಲಿ ಕಷ್ಟ. ಅದಕ್ಕೇ ಸಡಿಲದ ಬೆಲೆ ಅಲ್ಲಿಗಿಂತ ಇಲ್ಲಿ ಜಾಸ್ತಿ. ಮೈಗಂಟಿದ ಉಡುಪನ್ನು ಈಗಿನ ಹುಡುಗರು ಕೇಳುತ್ತಾರೆ. ಮೈಕಟ್ಟು ಎದ್ದು ಕಾಣುತ್ತದೆ, ನಿಜ. ಹತ್ತು ನಿಮಿಷ ಬಿಸಿಲಲ್ಲಿ ನಿಂತರೆ ಬೆನ್ನಿನ ಬೆವರೂ ಅಷ್ಟೇ ಎದ್ದು ಕಾಣುತ್ತದೆ.

7. ದೇವಸ್ಥಾನಕ್ಕೆ ಗುಂಡಿಯದ್ದು

ಗೋಕರ್ಣದಂಥ ಕ್ಷೇತ್ರಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ತಲೆಯಿಂದ ಎಳೆದು ಬಿಚ್ಚುವ ಸ್ವೆಟರಾದರೆ ಸಾಲಿನಲ್ಲಿ ನಿಂತಾಗ ಕನ್ನಡಕ, ಜನಿವಾರ ಎಲ್ಲ ಸಿಕ್ಕಿಕೊಳ್ಳುತ್ತದೆ. ಮುಂದೆ ಗುಂಡಿ ಇರುವುದನ್ನು ಹೆಣೆಸಿ. ಗುಂಡಿಪಟ್ಟಿಯ ಹಿಂದೆ ತೆಳು ರಿಬ್ಬನ್ನು ಹೊಲಿದರೆ ಅದು ಜೋಲುವುದಿಲ್ಲ.

8. ಘಟ್ಟ ಹತ್ತುವವರಿಗೆ

ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಮಾಲೆಮನೆ ಘಟ್ಟ ಹತ್ತುವಾಗ ಒಂದು ಗಂಟೆಯೊಳಗೆ ಹವೆ ಬದಲಾಗುತ್ತದೆ. ಸಂಜೆ ಹೊರಟವರು ಘಟ್ಟದ ಬುಡದಲ್ಲೇ ಸ್ವೆಟರು ಹಾಕಿಕೊಂಡರೆ ಬೆವರುತ್ತಾರೆ, ಮೇಲೆ ಮುಟ್ಟುವಷ್ಟರಲ್ಲಿ ಆ ಬೆವರೇ ತಣ್ಣಗಾಗಿ ಚಳಿ ಹಿಡಿಸುತ್ತದೆ. ಕಿಟಕಿಯ ಗಾಳಿ ತಣ್ಣಗಾದ ಮೇಲೆ ಹಾಕಿ. ಇಳಿಯುವಾಗ ಗೇರುಸೊಪ್ಪೆ ಬರುವ ಮೊದಲೇ ತೆಗೆಯಿರಿ. ನಮ್ಮ ಕಡೆ ಬಸ್ಸಿನಿಂದ ಇಳಿದ ಹುಡುಗನನ್ನು ಅಜ್ಜ “ಸೆಕೆ ಆಗ್ತಿಲ್ಯನ ತಮಾ?” ಎಂದು ಕೇಳಿದರೆ ಸ್ವೆಟರು ತೆಗೆಯಲು ಆಗಲೇ ತಡವಾಗಿದೆ ಎಂದೇ ಅರ್ಥ.

9. ತೊಳೆಯುವುದು, ಒಣಗಿಸುವುದು, ಇಡುವುದು

ಉಣ್ಣೆ ಹಾಳಾಗುವುದು ಮೈಮೇಲಲ್ಲ, ಬಚ್ಚಲಲ್ಲಿ ಮತ್ತು ಪೆಟ್ಟಿಗೆಯಲ್ಲಿ. ಬಿಸಿನೀರು, ಕಾಸ್ಟಿಕ್ ಇರುವ ಬಾರು ಸೋಪು, ಕಲ್ಲಿಗೆ ಬಡಿಯುವುದು ಮೂರೂ ಕೂಡದು. ಬಿಸಿಯಲ್ಲಿ ತಿಕ್ಕಿದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ದೊಡ್ಡವರ ಸ್ವೆಟರು ಮಕ್ಕಳದಾಗುತ್ತದೆ. ಕಂಬಳಿಯನ್ನು ದಟ್ಟ ಮಾಡುವ ಗುಣವೇ ಇಲ್ಲಿ ಶತ್ರು. ಅಂಟುವಾಳದ ಸಿಪ್ಪೆ ನೆನೆಸಿ ಕಿವುಚಿದ ನೊರೆನೀರು ಉಣ್ಣೆಗೂ ರೇಷ್ಮೆ ಮಗುಟಕ್ಕೂ ಹೇಳಿ ಮಾಡಿಸಿದ್ದು. ತಣ್ಣೀರಲ್ಲಿ ಅದ್ದಿ, ಅಮುಕಿ ತೆಗೆಯಿರಿ, ಹಿಂಡಬೇಡಿ. ಪಂಚೆಯಲ್ಲಿ ಸುತ್ತಿ ಒತ್ತಿದರೆ ನೀರು ಪಂಚೆಗೆ ಹೋಗುತ್ತದೆ. ನೇತುಹಾಕದೆ ನೆರಳಲ್ಲಿ ಚಾಪೆಯ ಮೇಲೆ ಹರವಿ.

ಜುಲೈಯಲ್ಲಿ ಒಣಗುವುದಿಲ್ಲ. ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿದರೆ ಹೊಗೆ ವಾಸನೆ ಹಿಡಿಯುತ್ತದೆ. ಮಳೆಗಾಲದಲ್ಲಿ ತೊಳೆಯದೇ ಗಾಳಿಗೆ ಹಾಕುವುದೇ ಮೇಲು, ಉಣ್ಣೆ ಬೇಗ ನಾರುವುದಿಲ್ಲ.

ನುಸಿಯ ಹುಳು ತಿನ್ನುವುದು ಕೊಳೆಯಾದ ಉಣ್ಣೆಯನ್ನು ಮೊದಲು. ಬೆವರಿನ ಕಲೆ, ಸಾರು ಚೆಲ್ಲಿದ ಕಲೆ ಇದ್ದಲ್ಲೇ ತೂತು ಬೀಳುತ್ತದೆ. ಆದ್ದರಿಂದ ಮಾರ್ಚಿನಲ್ಲಿ ತೊಳೆದು, ಎರಡು ಬಿಸಿಲು ತೋರಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೂಸ್ಟು ಬರುತ್ತದೆ. ಲಾವಂಚದ ಬೇರು ಪರಿಮಳಕ್ಕೆ ಸರಿ, ಹುಳು ಓಡಿಸುವುದು ಬಿಸಿಲು ಮತ್ತು ತಿಂಗಳಿಗೊಮ್ಮೆ ಕೊಡವುವುದು. ಸೆಪ್ಟೆಂಬರಿನಲ್ಲಿ ಬಿಸಿಲು ಬಿದ್ದ ಮೊದಲ ದಿನ ಹೊರಗೆ ತೆಗೆಯಲೇಬೇಕು.

10. ಬಿಚ್ಚಿ ಮತ್ತೆ ಹೆಣೆಯಬಹುದಾದದ್ದನ್ನೇ ಕೊಳ್ಳಿ

ಕೈಹೆಣಿಗೆಯ ಸ್ವೆಟರಿಗೆ ಎರಡು ಮೂರು ಆಯುಷ್ಯ. ಅಪ್ಪನಿಗೆ ಹೆಣೆದದ್ದು ಮೊಣಕೈ ಹರಿದ ಮೇಲೆ ತೋಳು ತೆಗೆದು ತೋಳಿಲ್ಲದ್ದಾಗುತ್ತದೆ, ಆಮೇಲೆ ಮೊಮ್ಮಗನಿಗೆ ಟೊಪ್ಪಿಯಾಗುತ್ತದೆ. ಬಿಚ್ಚುವಾಗ ಹೆಣಿಗೆ ಮುಗಿಸಿದ ತುದಿಯಿಂದ, ಅಂದರೆ ಸಾಮಾನ್ಯವಾಗಿ ಕೊರಳು, ಭುಜದ ಕಡೆಯಿಂದ ಶುರು ಮಾಡಬೇಕು. ಮೊದಲ ಸಾಲಿನಿಂದ ಎಳೆದರೆ ನೂಲು ಸಿಕ್ಕಾಗುತ್ತದೆ. ಬಿಚ್ಚಿದ ನೂಲು ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕೆಳಗೆ ಸಣ್ಣ ತೂಕ ಕಟ್ಟಿ ನೆರಳಲ್ಲಿ ತೂಗಹಾಕಿದರೆ ನೆಟ್ಟಗಾಗುತ್ತದೆ.

ಅಂಗಡಿಯ ಸ್ವೆಟರು ಕೊಳ್ಳುವಾಗ ಒಳಗಡೆ ತಿರುಗಿಸಿ ಪಕ್ಕದ ಹೊಲಿಗೆ ನೋಡಿ. ಅಂಚಿನ ಕುಣಿಕೆಗಳು ಪೂರ್ತಿಯಾಗಿದ್ದು ಒಂದಕ್ಕೊಂದು ಕೂಡಿಸಿದ್ದರೆ ಬಿಚ್ಚಿದಾಗ ಉದ್ದ ನೂಲು ಬರುತ್ತದೆ. ಥಾನಿನಿಂದ ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರೆ ಪ್ರತಿ ಸಾಲಿಗೂ ನೂಲು ತುಂಡಾಗಿರುತ್ತದೆ. ಅಂಥದ್ದನ್ನು ಬಿಚ್ಚಿ ಹೆಣೆಯಲಾಗದು, ಮೊಣಕೈ ಹರಿದರೆ ನಾನು ತೇಪೆ ಹಾಕಿಕೊಡಬಲ್ಲೆ, ಅಷ್ಟೆ.